ತಿಂಗಳು ತುಂಬದ ಕೂಸು, ಹೆದರಿದ ಅಮ್ಮ, ಮಧ್ಯೆ ನಾನು

ನಾನು ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳು. ಹೆತ್ತವಳು ಬಾಣಂತಿಯರ ವಾರ್ಡಿನಲ್ಲಿ, ಮಗು ಇನ್ನೊಂದು ಕಡೆ, ಮೈ ಬೆಚ್ಚಗಿಡುವ ವಾರ್ಮರ್ ಯಂತ್ರದ ಕೆಳಗೆ. ಅಮ್ಮನನ್ನು ವೀಲ್‌ಚೇರಿನಲ್ಲಿ ಕರೆತಂದು ತೋರಿಸಿದರೆ ಎಷ್ಟೋ ಜನ ಮುಟ್ಟಲಿಕ್ಕೇ ಹೆದರುತ್ತಾರೆ. "ಇದು ನನ್ನದೇನಾ ಸಿಸ್ಟರ್?" ಅಂತ ಕೇಳಿದವರೂ ಇದ್ದಾರೆ.

ಇವರಲ್ಲಿ ಬಹಳ ಮಂದಿಗೆ ಒಂದೇ ಚಿಂತೆ. ಹುಟ್ಟಿದ ಕೂಡಲೇ ಎತ್ತಿಕೊಳ್ಳಲಿಲ್ಲ, ಇನ್ನು ಮಗುವಿಗೆ ನನ್ನ ಗುರುತೇ ಹತ್ತುವುದಿಲ್ಲವೇನೋ ಅಂತ. ಹಾಗೇನೂ ಇಲ್ಲ. ಮಗು ಒಬ್ಬರನ್ನು ನೆಚ್ಚಿಕೊಳ್ಳುವುದು ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಅಲ್ಲ. ಮೊದಲ ವರ್ಷವಿಡೀ ಅದು ಬೆಳೆಯುತ್ತದೆ. "ಇವರೇ ನನ್ನವರು" ಅಂತ ಮಗು ಸ್ಪಷ್ಟವಾಗಿ ತೋರಿಸುವುದು ಸಾಮಾನ್ಯವಾಗಿ ಆರೇಳು ತಿಂಗಳಿಗೆ. ಅಷ್ಟೊಂದು ಸಮಯ ಇದೆ ಅಂತ ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಆದರೂ ಇಬ್ಬರನ್ನೂ ಸುಮ್ನೆ ದೂರ ಇಡಬಾರದು. ಅದಕ್ಕೇ ಕಾಂಗರೂ ಆರೈಕೆ, ಅಂದರೆ ಮಗುವನ್ನು ಮೈಗೆ ಮೈ ತಾಗುವ ಹಾಗೆ ಎದೆಗೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳು ಸಾಲದೆ ಇದ್ದಾಗ ವೈದ್ಯರು ಮಕ್ಕಳನ್ನು ತಾಯಿಯ ಎದೆಗೆ ಕಟ್ಟಲು ಶುರು ಮಾಡಿದರು. 2021ರಲ್ಲಿ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನ ಪ್ರಕಟವಾಯಿತು. 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಮೊದಲ 28 ದಿನದ ಸಾವು ಸುಮಾರು ಶೇ. 25ರಷ್ಟು ತಗ್ಗುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಎಂಟು ಗಂಟೆ ಅಂದರೆ ಏನು ಅಂತ ಹೊಲಿಗೆ ಹಾಕಿಸಿಕೊಂಡ ಬಾಣಂತಿಯನ್ನೇ ಕೇಳಬೇಕು. ಹಾಗಾಗಿ ನಾನು ಮಗುವಿನಿಂದ ಶುರು ಮಾಡುವುದಿಲ್ಲ. ಊಟ ಆಯ್ತಾ? ಬಾತ್‌ರೂಮಿಗೆ ಹೋಗಿ ಬಂದ್ಯಾ? ನೋವಿನ ಮಾತ್ರೆ ತಗೊಂಡ್ಯಾ? ಈ ಮೂರಕ್ಕೂ ಹೂಂ ಅಂದ ಮೇಲೇ ಮಗುವನ್ನು ಎತ್ತುವುದು. ಹಸಿದವಳಿಗೆ, ನೋವಲ್ಲಿ ಇರುವವಳಿಗೆ "ಪ್ರೀತಿಯಿಂದ ನೋಡಮ್ಮ" ಅನ್ನುವುದು ಅನ್ಯಾಯ ಅಲ್ವಾ?

ಆಮೇಲೆ ಟೋಪಿ, ಸಾಕ್ಸ್, ನ್ಯಾಪಿ ಮಾತ್ರ ಹಾಕಿ ಎದೆಯ ನಡುವೆ ನೇರವಾಗಿ ಮಲಗಿಸುತ್ತೇನೆ. ಕೈಕಾಲು ಕಪ್ಪೆಯ ಹಾಗೆ ಮಡಚಿರಬೇಕು. ತಲೆ ಒಂದು ಪಕ್ಕಕ್ಕೆ, ಕತ್ತು ಬಗ್ಗಬಾರದು, ಮೂಗು ಮುಚ್ಚಬಾರದು. ಬಟ್ಟೆ ಕಟ್ಟಿ, ಒರಗುವ ಕುರ್ಚಿಯಲ್ಲಿ ಕೂರಿಸಿದ ಮೇಲೆ ಕನಿಷ್ಠ ಒಂದು ಗಂಟೆ ತೆಗೆಯುವುದಿಲ್ಲ. ಪದೇ ಪದೇ ತೆಗೆದು ಇಟ್ಟರೆ ಕೂಸಿಗೆ ತೊಂದರೆಯೇ ಜಾಸ್ತಿ.

ನನ್ನ ನಿಜವಾದ ಕೆಲಸ ಇಲ್ಲಿಂದ ಶುರು. ನಾನು ಉಪದೇಶ ಮಾಡುವುದಿಲ್ಲ. ಪಕ್ಕದಲ್ಲಿ ಕೂತು ಮಗು ಏನು ಮಾಡುತ್ತಿದೆ ಅಂತ ಹೇಳುತ್ತಾ ಹೋಗುತ್ತೇನೆ. "ನೀನು ಮಾತಾಡಿದ ಕೂಡಲೇ ಅಲುಗಾಟ ನಿಲ್ಲಿಸ್ತು ನೋಡು. ಕೇಳಿಸ್ಕೊಳ್ತಿದೆ." ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮ್ಮನ ಧ್ವನಿ ಕೂಸಿಗೆ ಹೊಟ್ಟೆಯಲ್ಲಿ ಇರುವಾಗಲೇ ಪರಿಚಯ. ಬಾಯಿ ಚಪ್ಪರಿಸಿದರೆ, ಕೈ ಬಾಯಿಗೆ ಒಯ್ದರೆ ಹಸಿವು. ಅಳುವುದು ಹಸಿವಿನ ಕೊನೆಯ ಸೂಚನೆ. ಬೆರಳು ಅಗಲ ಮಾಡಿದರೆ, ಬಿಕ್ಕಳಿಸಿದರೆ, ಮುಖ ಆಚೆ ತಿರುಗಿಸಿದರೆ "ಸ್ವಲ್ಪ ಬಿಡಿ ನನ್ನ" ಅಂತ. ಮುಖ ತಿರುಗಿಸಿದ್ದನ್ನು ಕೆಲವು ಅಮ್ಮಂದಿರು ತಮಗೆ ಮಾಡಿದ ಅವಮಾನ ಅಂದುಕೊಳ್ಳುತ್ತಾರೆ. ಸುಸ್ತು ಅಷ್ಟೇ ಅಂತ ಅಲ್ಲೇ ಹೇಳಿಬಿಡಬೇಕು.

ಬೆರಳ ತುದಿಯಲ್ಲಿ ಸವರುವುದು ತಿಂಗಳು ತುಂಬದ ಮಕ್ಕಳಿಗೆ ಅಷ್ಟಾಗಿ ಹಿಡಿಸುವುದಿಲ್ಲ. ತಲೆಗೊಂದು, ಕಾಲಿಗೊಂದು ಅಂಗೈ ಅಲುಗಿಸದೆ ಇಟ್ಟರೆ ಸುಮ್ಮನಾಗುತ್ತವೆ. ಹತ್ತು ಜನರ ಮುಂದೆ ಮಗುವಿನ ಜೊತೆ ಮಾತಾಡಲು ನಾಚಿಕೆ ಅನ್ನುವವರಿಗೆ ಏನಾದರೂ ಹೇಳು, ಮನೆ ವಿಷಯ ಹೇಳು ಅನ್ನುತ್ತೇನೆ. ಒಬ್ಬಾಕೆ ತಮ್ಮ ಎಮ್ಮೆ ಎಷ್ಟು ಹಾಲು ಕೊಡುತ್ತೆ, ಡೇರಿಯಿಂದ ಎಷ್ಟು ದುಡ್ಡು ಬರಬೇಕು ಅಂತ ಕೂಸಿಗೆ ಪೂರ್ತಿ ಲೆಕ್ಕ ಒಪ್ಪಿಸಿದಳು. ಕೂಸು ಕಣ್ಣು ಬಿಟ್ಟು ಕೇಳಿತು.

ಇನ್ನು ಅತ್ತೆಯಂದಿರು. "ಎತ್ತಿ ಎತ್ತಿ ಕೈ ಅಭ್ಯಾಸ ಮಾಡ್ಬೇಡ, ಆಮೇಲೆ ಕೆಳಗೆ ಇಳಿಯಲ್ಲ" ಅನ್ನುವುದು ಖಾಯಂ. ಮೇರಿ ಐನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೆ ಮನೆಗೆ ಹೋಗಿ ನೋಡಿದಾಗ, ಅತ್ತ ಕೂಡಲೇ ಎತ್ತಿಕೊಂಡ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವಂತೆ. ಆ ಫಲಿತಾಂಶವನ್ನು ಆಮೇಲೆ ಪ್ರಶ್ನಿಸಿದವರೂ ಇದ್ದಾರೆ. ಏನೇ ಇರಲಿ, ಅತ್ತೆಗೆ ಇದನ್ನೆಲ್ಲ ಹೇಳಿ ಗೆಲ್ಲಲು ಆಗುವುದಿಲ್ಲ. ಸೊಸೆ ಊಟಕ್ಕೆ ಎದ್ದಾಗ "ಅಜ್ಜಿ, ಸ್ವಲ್ಪ ನೀವು ಇಟ್ಕೊಳ್ಳಿ" ಅಂತ ಅವರ ಎದೆಗೇ ಕಟ್ಟುತ್ತೇನೆ. ಒಂದು ಗಂಟೆ ಕಳೆದ ಮೇಲೆ ಅವರೇ ವಾಪಸ್ ಕೊಡಲು ಒಪ್ಪುವುದಿಲ್ಲ. ಅಪ್ಪಂದಿರಿಗೂ ಹೀಗೇ ಮಾಡಿಸುತ್ತೇವೆ, ಶರ್ಟು ಬಿಚ್ಚುವ ಸಂಕೋಚ ಕಳೆದರೆ ಆಯಿತು. ಮಗು ಇಬ್ಬರು ಮೂವರನ್ನು ನೆಚ್ಚಿಕೊಂಡರೆ ಅಮ್ಮನ ಪಾಲು ಕಡಿಮೆ ಆಗುವುದಿಲ್ಲ.

ಕಷ್ಟ ಆಗುವುದು ಗೋಡೆ ಕಡೆ ತಿರುಗಿ ಮಲಗುವ ತಾಯಿಯ ವಿಷಯದಲ್ಲಿ. ಹೆಣ್ಣಾಯಿತು ಅಂತ ಯಾರೋ ಚುಚ್ಚಿರುತ್ತಾರೆ, ಗಂಡ ಬಂದಿರುವುದಿಲ್ಲ. ಕೆಲವೊಮ್ಮೆ ಕಾರಣವೇ ಇರುವುದಿಲ್ಲ. ಅವಳ ಎದೆಗೆ ಮಗುವನ್ನು ಒತ್ತಾಯದಿಂದ ಕಟ್ಟುವುದಿಲ್ಲ. "ಏನೂ ಅನ್ನಿಸ್ತಿಲ್ವಾ?" ಅಂತ ನೇರವಾಗಿ ಕೇಳುತ್ತೇನೆ. ಹೌದು ಅಂದರೆ, "ಪರವಾಗಿಲ್ಲ, ಹಾಲು ಹಿಂಡಿ ಕೊಡು, ಒಳಲೆಯಲ್ಲಿ ನಾನು ಕುಡಿಸ್ತೀನಿ, ನೀನು ಪಕ್ಕದಲ್ಲಿ ಕೂತಿರು" ಅನ್ನುತ್ತೇನೆ. ಮೊದಲ ವಾರದ ಅಳು ಬಹಳ ಜನರಿಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಮಂಕು ಇಳಿಯದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ್ದು ಕಂಡ ಹಾಗೆ, ಕೇಳಿಸಿದ ಹಾಗೆ ಆದರೆ ಒಂದು ದಿನವೂ ಕಾಯಬಾರದು. ಊರಲ್ಲಿ ಇದನ್ನು ಬಾಣಂತಿ ಸನ್ನಿ ಅಂತ ಯಂತ್ರ ಕಟ್ಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಡಿಸ್ಚಾರ್ಜ್ ದಿನ ತವರಿನವರಿಗೆ ಹೇಳುವುದು ಒಂದೇ ಮಾತು. ಬಾಣಂತಿ ಕೋಣೆ ಬೆಚ್ಚಗಿರಲಿ, ಆದರೆ ಕತ್ತಲೆ ಬೇಡ. ಹುಟ್ಟಿದ ಕೂಸಿಗೆ ಸರಿಯಾಗಿ ಕಾಣುವುದೇ 20ರಿಂದ 30 ಸೆಂಟಿಮೀಟರ್ ದೂರ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಬೆಳಕಿಲ್ಲದಿದ್ದರೆ ಆ ಮುಖ ಕಾಣುವುದಾದರೂ ಹೇಗೆ? ಶೀತ ಆಗುತ್ತೆ ಅನ್ನುವವರಿಗೆ ಕಿಟಕಿ ಮುಚ್ಚಿ, ಲೈಟ್ ಹಾಕಿ ಅನ್ನುತ್ತೇನೆ. ಅದಕ್ಕೆ ಯಾರೂ ಇಲ್ಲ ಅಂದಿಲ್ಲ.