ಹಳೇ ಸಾಗವಾನಿ ಖುರ್ಚಿಗೆ ಹೊಸ ಗಾದಿ: ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಬೆಳಗಾವಿಯಲ್ಲಿ ಹಳೇ ಫರ್ನಿಚರ್‌ಗೆ ಬರ ಇಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇರುವ ಊರು, ಕ್ಯಾಂಪ್ ಕಡೆ ಯಾರಿಗಾದರೂ ವರ್ಗಾವಣೆ ಆಗುತ್ತಲೇ ಇರುತ್ತದೆ, ಹೋಗುವವರು ಸೋಫಾ, ಊಟದ ಟೇಬಲ್ಲು, ಖುರ್ಚಿಗಳನ್ನು ಲಾರಿಗೆ ಹೇರುವ ಬದಲು ಇಲ್ಲೇ ಮಾರಿ ಹೋಗುತ್ತಾರೆ. ಖಾನಾಪುರ, ದಾಂಡೇಲಿ ಕಾಡು ಹತ್ತಿರ ಇರುವುದರಿಂದ ಹಳೇ ಮನೆಗಳಲ್ಲೂ ಸಾಗವಾನಿ ಸಾಮಾನು ಸಿಗುತ್ತದೆ. ಬಟ್ಟೆ ಹರಿದಿದೆ, ಸ್ಪಂಜ್ ಪುಡಿಯಾಗಿದೆ ಅಂತ ಜನ ಅದನ್ನು ಗುಜರಿ ರೇಟಿಗೆ ಕೊಡುತ್ತಾರೆ. ನಮಗೆ ಬೇಕಾದದ್ದೂ ಅಂಥದ್ದೇ. ಬಟ್ಟೆ, ಸ್ಪಂಜ್ ಹೇಗಿದ್ದರೂ ಬದಲಾಯಿಸುತ್ತೇವೆ, ಅದಕ್ಕೆ ದುಡ್ಡು ಕೊಡೋದು ಯಾಕೆ? ಕಟ್ಟಿಗೆ ನೋಡಿ ಕೊಳ್ಳಿ.

ಮೊದಲ ಸಲ ಕೈ ಹಾಕುವವರು ದೊಡ್ಡ ಸೋಫಾ ತರಬೇಡಿ. ಸೀಟು ಬೇರೆಯಾಗಿ ಕಳಚಿ ಬರುವ ಊಟದ ಖುರ್ಚಿ ತಗೊಳ್ಳಿ. ತಳದಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದರೆ ಸೀಟು ಕೈಗೆ ಬರುತ್ತದೆ. ಈ ಲೇಖನದಲ್ಲಿ ಹೇಳುವುದೆಲ್ಲ ಅಂಥ ಖುರ್ಚಿಯ ಬಗ್ಗೆಯೇ.

ಕೊಳ್ಳುವ ಮುಂಚೆ

ಖುರ್ಚಿಯನ್ನು ತಲೆಕೆಳಗು ಮಾಡಿ. ಮಾರುವವರು ಏನಾದರೂ ಅಂದುಕೊಳ್ಳಲಿ, ಮಾಡಿ. ಮೇಲ್ಗಡೆ ಪಾಲಿಶ್ ಹೊಡೆದು ಏನನ್ನಾದರೂ ಮುಚ್ಚಬಹುದು, ತಳ ಸುಳ್ಳು ಹೇಳುವುದಿಲ್ಲ. ಒಳಗಿನ ಅಂಚು ನೋಡಿ. ಪದರ ಪದರ ಕಂಡರೆ ಅದು ಪ್ಲೈವುಡ್ ಮೇಲೆ ಅಂಟಿಸಿದ ವಿನಿಯರ್, ಅಂದರೆ ಕಟ್ಟಿಗೆಯ ತೆಳು ಹಾಳೆ. ಅದೂ ಕೆಟ್ಟದ್ದಲ್ಲ, ಆದರೆ ಜಾಸ್ತಿ ಉಜ್ಜಿದರೆ ಕೆಳಗಿನ ಪದರ ಹೊರಗೆ ಬರುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗದು.

ಸಣ್ಣ ತೂತು ಕಂಡರೆ ಕೆಳಗೊಂದು ಪೇಪರ್ ಹಾಸಿ ಕಟ್ಟಿಗೆಯನ್ನು ಕೈಯಿಂದ ತಟ್ಟಿ. ಮೈದಾ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇನ್ನೂ ಇರಬಹುದು ಅಂತ ಅರ್ಥ. ಅಲ್ಲೊಂದು ಇಲ್ಲೊಂದು ತೂತಿದ್ದರೆ ಹುಳದ ಔಷಧಿಯನ್ನು ಸಿರಿಂಜ್‌ನಿಂದ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಕೆಲವು ದಿನ ಇಡಬಹುದು. ಆದರೆ ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಕಟ್ಟಿಗೆ ಒಳಗೆ ಕುಸಿದರೆ ಅದು ಗೆದ್ದಲು ತಿಂದದ್ದು, ಪುಕ್ಕಟೆ ಕೊಟ್ಟರೂ ಬೇಡ. ಇನ್ನು ತಗಣಿ. ಹಳೇ ಗಾದಿಯ ಹೊಲಿಗೆ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿ, ಕಪ್ಪು ಚುಕ್ಕೆ ಕಂಡರೆ ಮನೆಯೊಳಗೆ ತರಲೇಬೇಡಿ.

ಕಾಲು ಅಲ್ಲಾಡುತ್ತಿದೆಯಾ? ಹೆದರಬೇಡಿ. ಸಂದು ಸಡಿಲಾದ ಖುರ್ಚಿ ಅರ್ಧ ರೇಟಿಗೆ ಸಿಗುತ್ತದೆ, ಅದನ್ನು ಸರಿ ಮಾಡೋದು ಸುಲಭ. ಕಾಲು ಮುರಿದದ್ದು, ಉದ್ದಕ್ಕೆ ಸೀಳಿದ್ದು ಬೇರೆ ಮಾತು.

ಬಿಚ್ಚುವಾಗ ಅವಸರ ಬೇಡ

ಎಲ್ಲಾ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೂಲೆಯಲ್ಲಿ ಬಟ್ಟೆ ಹೇಗೆ ಮಡಚಿದ್ದಾರೆ ಅನ್ನೋದನ್ನು ಹತ್ತಿರದಿಂದ ತೆಗೆಯಿರಿ, ಕೊನೆಯಲ್ಲಿ ಇದೇ ಫೋಟೊ ಹುಡುಕುತ್ತೀರಿ. ನಾಲ್ಕು ಖುರ್ಚಿ ಇದ್ದರೆ ಸೀಟಿನ ತಳಕ್ಕೂ ಚೌಕಟ್ಟಿಗೂ 1, 2, 3, 4 ಅಂತ ಬರೆಯಿರಿ. ನೋಡೋಕೆ ಒಂದೇ ಥರ ಇದ್ದರೂ ಕೈಯಲ್ಲಿ ಮಾಡಿದ ಖುರ್ಚಿಗಳ ಸ್ಕ್ರೂ ತೂತು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಪಿನ್ನು (ಸ್ಟೇಪಲ್ ಗನ್ನಿನಿಂದ ಹೊಡೆಯುವಂಥದ್ದು), ಸಣ್ಣ ಮೊಳೆ ಕೀಳೋಕೆ ಹಳೇ ಚಪ್ಪಟೆ ಸ್ಕ್ರೂಡ್ರೈವರ್ ಒಂದು, ಪಕ್ಕಡ ಒಂದು ಸಾಕು. ಕಣ್ಣಿಗೆ ಕನ್ನಡಕ ಇರಲಿ, ತುಕ್ಕು ಹಿಡಿದ ಪಿನ್ನು ಎತ್ತ ಸಿಡಿಯುತ್ತದೋ ಹೇಳೋಕಾಗದು. ಹಳೇ ಬಟ್ಟೆಯನ್ನು ಹರಿದು ಬಿಸಾಡಬೇಡಿ, ಪೂರ್ತಿಯಾಗಿ ಬಿಡಿಸಿ ಇಟ್ಟುಕೊಳ್ಳಿ. ಹೊಸ ಬಟ್ಟೆ ಕತ್ತರಿಸೋಕೆ ಅದೇ ಅಳತೆ. ಸ್ಪಂಜನ್ನು ಮಾತ್ರ ಹೊರಗೆ ಹಾಕಿ.

ಸಡಿಲಾದ ಸಂದು

ಇಲ್ಲಿ ಎಲ್ಲರೂ ಮಾಡುವ ಕೆಲಸ ಏನು ಗೊತ್ತಾ? ಅಲ್ಲಾಡುವ ಜಾಗಕ್ಕೆ ಒಂದು ಮೊಳೆ ಬಡಿಯೋದು. ನಾಲ್ಕು ದಿನ ಗಟ್ಟಿ ಅನ್ನಿಸುತ್ತದೆ, ಆಮೇಲೆ ಮೊಳೆಯ ಸುತ್ತ ಕಟ್ಟಿಗೆ ಸೀಳಿ, ಇದ್ದ ಸಂದೂ ಹೋಗುತ್ತದೆ. ಬದಲಿಗೆ ಸಡಿಲಾದ ಸಂದನ್ನು ಪೂರ್ತಿ ಬಿಚ್ಚಿ. ಮೊದಲು ಮೊಳೆ, ಸ್ಕ್ರೂ ಇದ್ದರೆ ತೆಗೆದು, ಬಟ್ಟೆ ಅಡ್ಡ ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಒಳಗಿನ ಹಳೇ ಅಂಟನ್ನು ಕೆರೆದು ತೆಗೆಯಬೇಕು, ಬಿಸಿ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಒರೆಸಿದರೆ ಮೆತ್ತಗಾಗುತ್ತದೆ. ಈ ಕೆಲಸ ಬೇಜಾರಿನದು, ಆದರೆ ಬಿಡುವಂತಿಲ್ಲ. ಹಳೇ ಫೆವಿಕಾಲ್ ಮೇಲೆ ಹೊಸ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಬರಿ ಕಟ್ಟಿಗೆ ಬೇಕು.

ಒಣಗಿದ ಮೇಲೆ ಎರಡೂ ಕಡೆ ತೆಳುವಾಗಿ ಅಂಟು ಹಚ್ಚಿ ಜೋಡಿಸಿ. ಕ್ಲ್ಯಾಂಪ್ ಇಲ್ಲದಿದ್ದರೆ ನಾಲ್ಕೂ ಕಾಲಿಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಹಗ್ಗದ ನಡುವೆ ಕೋಲೊಂದನ್ನು ತೂರಿಸಿ ತಿರುವಿ. ತಿರುವಿದಷ್ಟೂ ಬಿಗಿಯಾಗುತ್ತದೆ. ಹಗ್ಗ ಕಟ್ಟಿಗೆಗೆ ತಾಗುವ ಕಡೆ ಬಟ್ಟೆ ಇಡಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ, ಇಲ್ಲದಿದ್ದರೆ ಪಾಲಿಶ್ ಹಾಕಿದಾಗ ಅಲ್ಲೊಂದು ಬಿಳಿ ಕಲೆ ಕಾಣುತ್ತದೆ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ನೆಲಕ್ಕೆ ತಾಗಿವೆಯಾ ಅಂತ ಅಂಟು ಹಸಿ ಇರುವಾಗಲೇ ನೋಡಬೇಕು. 24 ಗಂಟೆ ಮುಟ್ಟಬೇಡಿ.

ಪಾಲಿಶ್ ತೆಗೆಯಬೇಕಾ, ಬೇಡವಾ?

ಅಂಗಡಿಗೆ ಹೋಗಿ ಒಂದು ಕಟ್ಟು ಪಾಲಿಶ್ ಪೇಪರ್ ತಂದು ಉಜ್ಜೋಕೆ ಶುರು ಮಾಡುವ ಮುಂಚೆ ಸ್ವಲ್ಪ ತಡೆಯಿರಿ. ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ವರ್ಷಗಟ್ಟಲೆ ಕೈ ತಾಗಿ ಕೂತ ಜಿಡ್ಡು ಟರ್ಪಂಟೈನ್‌ಗೆ ಬಿಡುತ್ತದೆ. ಎಷ್ಟೋ ಖುರ್ಚಿಗಳಿಗೆ ಇಷ್ಟೇ ಸಾಕು, ಕೆಳಗೆ ಹಳೇ ಪಾಲಿಶ್ ಚೆನ್ನಾಗಿಯೇ ಇರುತ್ತದೆ. ಹಳೇ ಸಾಗವಾನಿಯ ಆ ಜೇನುತುಪ್ಪದ ಬಣ್ಣ ಬರೋಕೆ ಹಲವು ವರ್ಷ ಹಿಡಿದಿರುತ್ತದೆ, ಅದನ್ನು ಅರ್ಧ ಗಂಟೆಯಲ್ಲಿ ಉಜ್ಜಿ ತೆಗೆಯೋದು ದಡ್ಡತನ ಅಂತಲೇ ನನ್ನ ಅಭಿಪ್ರಾಯ.

ಯಾವ ಪಾಲಿಶ್ ಅಂತ ತಿಳಿಯೋಕೆ ಸೀಟಿನ ಕೆಳಗೆ, ಕಾಣದ ಜಾಗದಲ್ಲಿ ಹತ್ತಿಗೆ ಪಾಲಿಶ್‌ಗೆ ಬಳಸುವ ಸ್ಪಿರಿಟ್ ಹಚ್ಚಿ ಉಜ್ಜಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಕರಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್), ಅದನ್ನು ಉಜ್ಜಿಯೇ ತೆಗೆಯಬೇಕು. ಅರಗಿನದಾದರೆ ನಿಮ್ಮ ಅದೃಷ್ಟ. ಸ್ಪಿರಿಟ್‌ನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಚುರುಕಾಗಿ ಒರೆಸಿದರೆ ಹಳೇ ಪದರವೇ ತುಸು ಕರಗಿ ಗೀರು, ಲೋಟದ ಬಿಳಿ ಕಲೆ ಎಷ್ಟೋ ಕಡಿಮೆಯಾಗುತ್ತವೆ.

ಉಜ್ಜಲೇಬೇಕು ಅನ್ನುವಂತಿದ್ದರೆ 120 ನಂಬರಿನ ಪಾಲಿಶ್ ಪೇಪರ್‌ನಿಂದ ಶುರು ಮಾಡಿ 180, 220ಕ್ಕೆ ಬನ್ನಿ. ಯಾವಾಗಲೂ ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಸಾಗವಾನಿ ಧೂಳಿಗೆ ಕೆಲವರಿಗೆ ಮೈ ತುರಿಸುತ್ತದೆ, ಕೆಮ್ಮು ಬರುತ್ತದೆ.

ಬಣ್ಣ ಬಳಿದ ಹಳೇ ಸಾಮಾನಿಗೆ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಜಾಸ್ತಿ ಇದ್ದೀತು. ಅಂಥದ್ದನ್ನು ಒಣಗಿದ್ದಾಗ ಉಜ್ಜಬೇಡಿ, ವಾಟರ್ ಪೇಪರ್‌ನಿಂದ ನೀರು ಹಚ್ಚಿ ಉಜ್ಜಿ. ಸಣ್ಣ ಮಕ್ಕಳು, ಬಸುರಿ ಹೆಂಗಸರು ಹತ್ತಿರ ಬರಬಾರದು.

ಹೊಸ ಪಾಲಿಶ್

ಅರಗಿನ ಪಾಲಿಶ್ ಮನೆಯಲ್ಲಿ ಮಾಡೋಕೆ ಸುಲಭ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ, ನಡುನಡುವೆ ಅಲ್ಲಾಡಿಸಿ. ಗಾಜಿನ ಬಾಟಲಿ ಇರಲಿ, ಕಬ್ಬಿಣದ ಡಬ್ಬಿ ಬೇಡ, ಬಣ್ಣ ಕಪ್ಪಾಗುತ್ತದೆ. ಹಳೇ ಧೋತರದ ಬಟ್ಟೆಯಲ್ಲಿ ಸೋಸಿ. ಅದೇ ಧೋತರದ ತುಂಡಿನೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಅದನ್ನು ಪಾಲಿಶ್‌ನಲ್ಲಿ ಅದ್ದಿ ಹಿಂಡಿ, ಉದ್ದಕ್ಕೆ ಎಳೆಯುತ್ತಾ ಹೋಗಿ. ಒಂದೇ ಜಾಗದಲ್ಲಿ ಕೈ ನಿಲ್ಲಿಸಿದರೆ ಕೆಳಗಿನ ಪದರ ಕರಗಿ ಉಂಡೆಗೆ ಅಂಟಿಕೊಳ್ಳುತ್ತದೆ. ದಪ್ಪಗೆ ಒಂದು ಸಲ ಬಳಿಯೋದಕ್ಕಿಂತ ತೆಳ್ಳಗೆ ಆರೇಳು ಸಲ ಬಳಿಯೋದು ಒಳ್ಳೇದು, ನಡುವೆ 320 ನಂಬರಿನಿಂದ ಮೆಲ್ಲಗೆ ಸವರಿ. ಸ್ಪಿರಿಟ್ ಅಂದರೆ ಬೆಂಕಿ. ಅಡುಗೆಮನೆ ಹತ್ತಿರ ಬೇಡ, ದೇವರ ದೀಪದ ಹತ್ತಿರವೂ ಬೇಡ.

ಬೆಳಗಾವಿಯವರಿಗೆ ಮುಖ್ಯವಾದ ಮಾತು: ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ. ಜೂನ್ ಬಂತೆಂದರೆ ಇಲ್ಲಿ ಹಪ್ಪಳವೇ ಒಣಗುವುದಿಲ್ಲ, ಪಾಲಿಶ್ ಒಣಗುತ್ತದಾ? ಗಾಳಿಯ ತೇವ ಹಿಡಿದು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ಒಳ್ಳೇ ಕಾಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ತೇವದ ಕಾಟ ಕಡಿಮೆ. ಅಲ್ಲಿನ ತೊಂದರೆ ಬೇರೆ, ಬೇಸಿಗೆಯ ಒಣ ಹವೆಗೆ ಕಟ್ಟಿಗೆ ಕುಗ್ಗಿ ಸಂದು ಸಡಿಲಾಗುತ್ತದೆ. ಹಾಗಾಗಿ ಬೆಳಗಾವಿಯಿಂದ ಕೊಂಡು ಒಯ್ದ ಖುರ್ಚಿಯನ್ನು ಒಂದೆರಡು ವಾರ ಮನೆಯಲ್ಲಿಟ್ಟು ಆಮೇಲೆ ಅಂಟು ಹಾಕಿ.

ಅಗಸೆ ಎಣ್ಣೆ ಹಚ್ಚುವವರೂ ಇದ್ದಾರೆ. ನಿಧಾನಕ್ಕೆ ಒಣಗುತ್ತದೆ, ಹೊಳಪು ಕಡಿಮೆ, ಆದರೆ ನೋಡಲು ಚೆಂದ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದುಡಿದ ಬಟ್ಟೆಯಲ್ಲಿ ಆ ಶಾಖ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಬಿಸಾಡಿ.

ಈಗ ಸೀಟು

ಪಾಲಿಶ್ ಪೂರ್ತಿ ಒಣಗಿದ ಮೇಲೇ ಬಟ್ಟೆಗೆ ಕೈ ಹಾಕಿ. ಸೀಟಿನ ತಳ ಪ್ಲೈವುಡ್ ಆಗಿದ್ದು ಬಾಗಿದ್ದರೆ ಹೊಸದು ಕತ್ತರಿಸಿ. ಬರೀ ಚೌಕಟ್ಟು ಇದ್ದರೆ ನವಾರ ಪಟ್ಟಿ ಹೊಡೆಯಬೇಕು. ಪಟ್ಟಿಯ ತುದಿ ಮಡಚಿ ನಡುವಿನಿಂದ ಶುರು ಮಾಡಿ, ಬಿಗಿಯಾಗಿ ಎಳೆದು ಆಚೆ ಬದಿಗೆ ಪಿನ್ನು ಹೊಡೆದು, ಮತ್ತೆ ಮಡಚಿ ಇನ್ನೆರಡು ಪಿನ್ನು. ಅಡ್ಡ ಪಟ್ಟಿಗಳನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆಯಿರಿ. ಬೆರಳಲ್ಲಿ ತಟ್ಟಿದರೆ ಡಬ್ ಅನ್ನಬೇಕು.

ಸ್ಪಂಜ್ ಕೊಳ್ಳುವಾಗ ದಪ್ಪ ಕೇಳುವುದರ ಜೊತೆಗೆ ಡೆನ್ಸಿಟಿ ಕೇಳಿ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್‌ಗೆ 40 ಕೆ.ಜಿ. ದಿನಾ ಕೂರುವ ಸೀಟಿಗೆ ಅದು ಬೇಕು. ಅಗ್ಗದ ಹಗುರ ಸ್ಪಂಜ್ ಅಂಗಡಿಯಲ್ಲಿ ಒತ್ತಿದಾಗ ಮೆತ್ತಗೆ ಹಿತವಾಗಿರುತ್ತದೆ, ಬೇಗನೇ ತಟ್ಟೆಯಾಗುತ್ತದೆ. ಊಟದ ಖುರ್ಚಿಗೆ 2 ಇಂಚು ದಪ್ಪ ಸಾಕು. ಹಲಗೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಬಟ್ಟೆ ಎಳೆದಾಗ ಅಂಚು ಗುಂಡಗೆ ಬರುತ್ತದೆ. ಅದರ ಮೇಲೆ ತೆಳುವಾದ ಪಾಲಿಯೆಸ್ಟರ್ ಹತ್ತಿ ಹಾಸಿದರೆ ಇನ್ನೂ ನುಣುಪು.

ಬಟ್ಟೆ ಎಷ್ಟು ಬೇಕು? ಸೀಟು 18 ಇಂಚು ಚೌಕ ಅಂದುಕೊಳ್ಳಿ. ಎರಡೂ ಬದಿ ಸ್ಪಂಜಿನ ದಪ್ಪಕ್ಕೆ 2 ಇಂಚು, ಕೆಳಗೆ ಮಡಚೋಕೆ 2 ಇಂಚು, ಒಟ್ಟು 26. ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಇಂಚು, ಅಂದರೆ ಅಡ್ಡಕ್ಕೆ ಎರಡು ಸೀಟು ಕೂರುತ್ತವೆ. ನಾಲ್ಕು ಖುರ್ಚಿಗೆ ಒಂದೂವರೆ ಮೀಟರ್ ಆಯ್ತು. ದೊಡ್ಡ ಹೂವಿನ ಡಿಸೈನ್ ಆದರೆ ಹೂವು ನಡುವೆ ಬರಬೇಕಲ್ವಾ, ಜಾಸ್ತಿ ಬೇಕು.

ಖಡೇಬಜಾರಿಗೆ ಹೋದರೆ ಬಣ್ಣಬಣ್ಣದ ಪರದೆ ಬಟ್ಟೆ ಕಣ್ಣು ಸೆಳೆಯುತ್ತದೆ, ಬೇಡ, ಸೀಟಿಗೆ ಅದು ತಾಳುವುದಿಲ್ಲ. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆಯೂ ಅಷ್ಟೇ. ನೇಯ್ಗೆ ನಾಜೂಕು, ಅಗಲವೂ ಕಡಿಮೆ, ಕೂತು ಎದ್ದು ಮಾಡಿದರೆ ಎಳೆ ಬಿಡುತ್ತದೆ. ಆಸೆ ಇದ್ದರೆ ಬೆನ್ನಿನ ಹಿಂಬದಿಗೆ, ಇಲ್ಲವೇ ಬಿಡಿ ದಿಂಬಿಗೆ ಹಾಕಿ. ರೆಕ್ಸಿನ್‌ನಲ್ಲಿ ಪಿಯು ಅಂತ ಮಾರುವುದು ತೇವಕ್ಕೆ ಕಾಲಕ್ರಮೇಣ ಸಿಪ್ಪೆ ಏಳುತ್ತದೆ, ಬೆಳಗಾವಿ ಮಳೆಗೆ ಅದು ಸಲ್ಲದು.

ಬಟ್ಟೆಯನ್ನು ಮಗುಚಿ ಹಾಸಿ, ಅದರ ಮೇಲೆ ಸ್ಪಂಜ್, ಮೇಲೆ ಹಲಗೆ. ಮುಂದಿನ ಅಂಚಿನ ನಡುವೆ ಒಂದು ಪಿನ್ನು ಹೊಡೆಯಿರಿ, ಎದುರು ಅಂಚಿಗೆ ಎಳೆದು ಇನ್ನೊಂದು, ಆಮೇಲೆ ಎಡ, ಬಲ. ತಿರುಗಿಸಿ ನೋಡಿ. ಗೆರೆ ಸೊಟ್ಟ ಇದ್ದರೆ ಕೀಳೋಕೆ ನಾಲ್ಕೇ ಪಿನ್ನು ಇರುತ್ತವೆ. ಸರಿ ಇದ್ದರೆ ನಡುವಿನಿಂದ ಮೂಲೆಯ ಕಡೆ ಸಾಗಿ, ಮೂಲೆಯ ಹತ್ತಿರ 2 ಇಂಚು ಬಿಟ್ಟುಬಿಡಿ. 8 ಮಿ.ಮೀ. ಪಿನ್ನು ಸಾಕು. ಮೂಲೆ ಕೊನೆಗೆ: ತುದಿಯನ್ನು ನೇರ ಒಳಕ್ಕೆ ಎಳೆದು ಒಂದು ಪಿನ್ನು, ಎರಡೂ ಬದಿಯ ಬಟ್ಟೆಯನ್ನು ಸೀರೆ ನಿರಿಗೆಯಂತೆ ಮಡಚಿ ಮತ್ತೆರಡು. ತಳಕ್ಕೆ ಕಪ್ಪು ಬಟ್ಟೆ ಹೊಡೆದರೆ ಧೂಳು ಉದುರುವುದಿಲ್ಲ. ಸ್ಕ್ರೂ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಸ್ಪ್ರಿಂಗ್ ಇರುವ ಹಳೇ ಸೋಫಾ, ಪೈಪಿಂಗ್ ಹೊಲಿಗೆ, ಚೈನು ಹಾಕಿದ ಕವರು, ಇವನ್ನು ಗಾದಿ ಕೆಲಸದವರಿಗೇ ಕೊಡಿ. ಸ್ಪ್ರಿಂಗ್‌ಗಳನ್ನು ಎಂಟು ದಿಕ್ಕಿಗೆ ಹುರಿಯಿಂದ ಬಿಗಿಯೋದು ಒಂದು ದಿನದಲ್ಲಿ ಕಲಿಯುವ ವಿದ್ಯೆಯಲ್ಲ. ಕೊಡುವಾಗ ಪಾಲಿಶ್ ಮುಗಿಸಿಯೇ ಒಯ್ಯಿರಿ, ಬಟ್ಟೆ ನೀವೇ ಕೊಂಡು ಕೊಡಿ, ಸ್ಪಂಜಿನ ಡೆನ್ಸಿಟಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳೇ ಸ್ಪಂಜ್ ಮೇಲೇ ಹೊಸ ಬಟ್ಟೆ ಹೊಡೆದು ಕೊಡುವವರೂ ಇದ್ದಾರೆ, ಹಾಗಾಗಿ ಹಳೇದನ್ನು ಕಿತ್ತು ಬರಿ ಚೌಕಟ್ಟನ್ನಷ್ಟೇ ಒಯ್ದರೆ ಆ ತಕರಾರೇ ಇಲ್ಲ.