ಲೆದರ್ ಸ್ಯಾಡಲ್‌ಬ್ಯಾಗ್: ಕೊಳ್ಳುವ ಮೊದಲು ತಿರುಗಿಸಿ ನೋಡಿ

ಬೈಕಿನ ಹಿಂಬದಿಯ ಪಕ್ಕಕ್ಕೆ ತೂಗುಹಾಕುವ ಸ್ಯಾಡಲ್‌ಬ್ಯಾಗ್ ಕೊಳ್ಳಲು ಹೋದವರು ಮೊದಲು ಕೇಳುವುದು, ‘ಇದು ಒರಿಜಿನಲ್ ಲೆದರಾ?’ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಬ್ಯಾಗು ಕೈಕೊಡುವುದು ಸಾಮಾನ್ಯವಾಗಿ ಚರ್ಮದ ನಡುಭಾಗದಲ್ಲಿ ಅಲ್ಲ. ಪಟ್ಟಿ ಬಂದು ಸೇರುವ ಮೂಲೆ, ಬೋಲ್ಟು ಹಾಯುವ ತೂತು, ಚಕ್ರದ ಕಡೆಗಿರುವ ಬೆನ್ನು, ಮೊದಲು ಕಿತ್ತುಬರುವುದು ಇವೇ. ಅಂಗಡಿಯಲ್ಲಿ ನಮಗೆ ಕಾಣಿಸುವುದು ಹೊಳೆಯುವ ಮುಂಭಾಗ. ಹಿಂಭಾಗವನ್ನು ನಾವೇ ತಿರುಗಿಸಿ ನೋಡಬೇಕು. ಅದಕ್ಕೂ ಮುಂಚೆ ಮನೆಯಲ್ಲೇ ಮುಗಿಸಬೇಕಾದ ಕೆಲಸ ಒಂದಿದೆ.

ಮೊದಲು ಗಾಡಿಯ ಅಳತೆ

ಸ್ಯಾಡಲ್‌ಬ್ಯಾಗ್ ಕೂರಿಸುವ ರೀತಿ ಮುಖ್ಯವಾಗಿ ಎರಡು. ಜೋಡಿ ಬ್ಯಾಗುಗಳನ್ನು ಅಗಲ ಪಟ್ಟಿಯಿಂದ ಸೇರಿಸಿ, ಸೀಟಿನ ಮೇಲೋ ಕೆಳಗೋ ಹಾಯಿಸಿ ಎರಡೂ ಬದಿಗೆ ಇಳಿಬಿಡುವುದು ಒಂದು. ಕುದುರೆ ಸವಾರರು ಮಾಡುತ್ತಿದ್ದುದೂ ಇದನ್ನೇ. ಖರ್ಚು ಕಡಿಮೆ, ಬೇಕೆಂದಾಗ ಎತ್ತಿಕೊಂಡು ಹೋಗಬಹುದು. ಗಾಡಿಗೆ ಬ್ರಾಕೆಟ್ ಕೂರಿಸಿ, ಅದಕ್ಕೆ ಬ್ಯಾಗನ್ನು ಬೋಲ್ಟ್ ಮಾಡುವುದು ಇಲ್ಲವೇ ಕ್ಲಿಪ್ ಹಾಕುವುದು ಇನ್ನೊಂದು. ದಿನವೂ ಬಳಸುವವರಿಗೆ, ಜಾಸ್ತಿ ಸಾಮಾನು ಹೇರುವವರಿಗೆ ಇದೇ ವಾಸಿ.

ಇಳಿಬಿಡುವ ಬ್ಯಾಗೇ ಸಾಕು ಅನ್ನುವವರು ಪಕ್ಕಕ್ಕೆ ಸಪೋರ್ಟ್ ಬಾರ್ ಹಾಕಿಸಲೇಬೇಕು. ಅದಿಲ್ಲದಿದ್ದರೆ ಬ್ಯಾಗು ಹಿಂದಿನ ಚಕ್ರದ ಕಡೆಗೆ ವಾಲುತ್ತದೆ. ಓಡುವ ಗಾಡಿಯ ಚಕ್ರಕ್ಕೋ ಚೈನಿಗೋ ಪಟ್ಟಿ ಸಿಕ್ಕಿಕೊಂಡರೆ ಚಕ್ರ ಜಾಮ್ ಆಗಬಹುದು, ಗಾಡಿ ಉರುಳಬಹುದು. ಉಳಿದ ಯಾವುದರಲ್ಲಾದರೂ ದುಡ್ಡು ಉಳಿಸಿ, ಇದರಲ್ಲಿ ಬೇಡ.

ಇನ್ನು ಅಳತೆ. ಬರೀ ಟೇಪು ಹಿಡಿದರೆ ಸಾಲದು, ಒಂದು ರಟ್ಟಿನ ಡಬ್ಬ ಹುಡುಕಿ. ನಿಮಗೆ ಇಷ್ಟವಾದ ಬ್ಯಾಗಿನ ಉದ್ದ, ಎತ್ತರ, ದಪ್ಪಕ್ಕೆ ಸರಿಯಾಗಿ ಅದನ್ನು ಕತ್ತರಿಸಿ ಅಂಟಿಸಿ, ಹಗ್ಗದಿಂದ ಗಾಡಿಗೆ ಕಟ್ಟಿ. ಈಗ ಹಿಂದೆ ನಿಂತು ನೋಡಿ. ಇಂಡಿಕೇಟರ್ ಮರೆಯಾಯಿತಾ? ಹಾಗಿದ್ದರೆ ಅದರ ಜಾಗ ಬದಲಿಸುವ ಕಿಟ್ಟಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಹಿಂದೆ ಒಬ್ಬರನ್ನು ಕೂರಿಸಿ, ಅವರ ಕಾಲು ಎಲ್ಲಿ ತಾಗುತ್ತದೆ ಕೇಳಿ. ಸೀಟನ್ನು ಜೋರಾಗಿ ಕೆಳಗೆ ಅದುಮಿ. ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಚಕ್ರ ಮೇಲೆ ಬರುತ್ತದಲ್ಲ, ಆಗಲೂ ಡಬ್ಬಕ್ಕೆ ಏನೂ ತಾಗಬಾರದು. ಸೈಲೆನ್ಸರಿಗೂ ಡಬ್ಬದ ತಳಕ್ಕೂ ನಡುವೆ ಕನಿಷ್ಠ ನಾಲ್ಕು ಬೆರಳು ಜಾಗ ಇರಲಿ. ಖಾಲಿ ಬ್ಯಾಗಿಗೆ ಸಾಲುವ ಜಾಗ ತುಂಬಿದ ಬ್ಯಾಗಿಗೆ ಸಾಲದು, ಭಾರಕ್ಕೆ ಅದು ಜೋತು ಇಳಿಯುತ್ತದೆ. ಅಷ್ಟು ಜಾಗ ಸಿಗದ ಗಾಡಿಗಳಿಗೆ ಬಿಸಿ ತಡೆಯುವ ಹೀಟ್ ಶೀಲ್ಡ್ ಬೇಕು. ಸೈಲೆನ್ಸರ್ ತೀರಾ ಎತ್ತರದಲ್ಲಿದ್ದರೆ ಒಂದೇ ಬದಿಯ ಬ್ಯಾಗಿನ ಬಗ್ಗೆ ಯೋಚಿಸಿ.

ಎಷ್ಟು ದೊಡ್ಡದು ಬೇಕು?

ಒಂದೊಂದು ಬದಿಗೆ 10ರಿಂದ 15 ಲೀಟರ್ ಹಿಡಿಯುವ ಬ್ಯಾಗಿನಲ್ಲಿ ಮಳೆ ಜಾಕೆಟ್, ಒಂದೆರಡು ಜೊತೆ ಬಟ್ಟೆ, ಟೂಲ್ಸ್, ನೀರಿನ ಬಾಟಲಿ ಆರಾಮವಾಗಿ ಕೂರುತ್ತವೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಿಡಿಸುವುದು ಕಷ್ಟ. ಭಾರದ ಲೆಕ್ಕಕ್ಕೆ ಗಾಡಿಯ ಕೈಪಿಡಿ ನೋಡಿ. ಅದರಲ್ಲಿ ಕೊಟ್ಟಿರುವ ಒಟ್ಟು ಭಾರದ ಮಿತಿಯೊಳಗೆ ಸವಾರ, ಹಿಂದೆ ಕೂರುವವರು, ಸಾಮಾನು ಎಲ್ಲ ಬರಬೇಕು. ದಪ್ಪ ಚರ್ಮದ ಜೋಡಿ ಬ್ಯಾಗು ಖಾಲಿ ಇದ್ದಾಗಲೇ ಕೆಲವು ಕಿಲೋ ತೂಗುತ್ತದೆ.

ಚರ್ಮದ ವಿಷಯ

‘ಜೆನ್ಯೂಯಿನ್ ಲೆದರ್’ ಅಂತ ಮುದ್ರೆ ಇದ್ದ ಮಾತ್ರಕ್ಕೆ ಹಿಗ್ಗಬೇಡಿ. ಅದರಲ್ಲಿ ಚರ್ಮ ಇದೆ ಅಂತ ಅರ್ಥ, ಒಳ್ಳೆಯ ಚರ್ಮ ಅಂತಲ್ಲ. ಚರ್ಮದ ಮೇಲ್ಪದರದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಆ ಪದರವನ್ನು ಉಜ್ಜದೆ ಹಾಗೇ ಉಳಿಸಿದ್ದು ಫುಲ್ ಗ್ರೇನ್. ಮೇಲೆ ಸ್ವಲ್ಪ ಉಜ್ಜಿ ನಯ ಮಾಡಿದ್ದು ಟಾಪ್ ಗ್ರೇನ್. ಮೇಲ್ಪದರ ತೆಗೆದ ಮೇಲೆ ಉಳಿಯುವ ಅಡಿಭಾಗ ಸ್ಪ್ಲಿಟ್. ಅದಕ್ಕೆ ಬಣ್ಣದ ಲೇಪ ಕೊಟ್ಟು ಚರ್ಮದ ಗೆರೆ ಒತ್ತಿದರೆ ನೋಡಲು ಚೆಂದ, ಬಾಳಿಕೆ ಕಡಿಮೆ. ಚೂರುಪಾರು ಚರ್ಮವನ್ನು ಅರೆದು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು ಬಾಂಡೆಡ್ ಲೆದರ್. ಅದನ್ನು ಬೈಕಿಗೆ ಹಾಕುವುದಕ್ಕಿಂತ ಒಳ್ಳೆಯ ರೆಕ್ಸಿನ್ ಬ್ಯಾಗೇ ಮೇಲು.

ಪರೀಕ್ಷೆ ಹೇಗೆ? ಕತ್ತರಿಸಿದ ಅಂಚು ಹುಡುಕಿ. ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನಿಜವಾದ ಚರ್ಮದ ಅಂಚಿನಲ್ಲಿ ನಾರು ನಾರಾಗಿ ಎಳೆಗಳು ಕಾಣುತ್ತವೆ. ಬಟ್ಟೆಯ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಪದರ ಕಂಡರೆ ಕತೆ ಗೊತ್ತಾಯಿತಲ್ಲ! ಅಂಚಿಗೆಲ್ಲ ದಪ್ಪ ಬಣ್ಣ ಬಳಿದು ಮುಚ್ಚಿದ್ದರೆ ಬ್ಯಾಗಿನ ಒಳಗೆ ಇಣುಕಿ ನೋಡಿ. ಹೆಬ್ಬೆರಳಿನಿಂದ ಮೇಲ್ಮೈ ಒತ್ತಿದಾಗ ಸಣ್ಣ ಸಣ್ಣ ನೆರಿಗೆ ಮೂಡಿ ಮಾಯವಾಗಬೇಕು. ಎಲ್ಲ ಕಡೆ ಒಂದೇ ಅಚ್ಚಿನ ಗೆರೆ ಇದ್ದರೆ ಅನುಮಾನಪಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಉಜ್ಜಿ ನೋಡುವುದೂ ಒಳ್ಳೆಯದು. ಈಗ ಬಟ್ಟೆಗೆ ಹತ್ತುವ ಬಣ್ಣ ಆಮೇಲೆ ನಿಮ್ಮ ಪ್ಯಾಂಟಿಗೂ ಹತ್ತುತ್ತದೆ.

ದಪ್ಪ 3ರಿಂದ 4 ಮಿಲಿಮೀಟರ್ ಇದ್ದರೆ ಬ್ಯಾಗು ಹೆಚ್ಚು ಕಡಿಮೆ ತನ್ನಷ್ಟಕ್ಕೆ ನಿಲ್ಲುತ್ತದೆ. 2 ಮಿಲಿಮೀಟರ್ ಚರ್ಮಕ್ಕೆ ಒಳಗಿನಿಂದ ಗಟ್ಟಿ ಹಾಳೆಯ ಆಸರೆ ಬೇಕು. ಚರ್ಮವನ್ನು ಹೇಗೆ ಹದ ಮಾಡಿದ್ದಾರೆ ಅನ್ನುವುದನ್ನೂ ಕೇಳಿ. ಮರದ ತೊಗಟೆಯಂಥ ಸಸ್ಯ ಪದಾರ್ಥಗಳಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡಿದ್ದು ಬಿರುಸಾಗಿರುತ್ತದೆ, ಆಕಾರ ಬಿಡುವುದಿಲ್ಲ, ವರ್ಷ ಕಳೆದಂತೆ ಬಣ್ಣ ಗಾಢವಾಗುತ್ತದೆ. ಕ್ರೋಮ್‌ನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ, ಹದ ಮಾಡಿದ್ದು ಮೆತ್ತಗಿರುತ್ತದೆ, ನೀರು ಮತ್ತು ಬಿಸಿಯನ್ನು ಹೆಚ್ಚು ತಡೆಯುತ್ತದೆ. ಸಸ್ಯ ಹದದ ಚರ್ಮ ಒದ್ದೆಯಾಗಿದ್ದಾಗ 70–85 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡಿಕೊಳ್ಳುತ್ತದೆ. ಮಳೆಯಲ್ಲಿ ನೆಂದ ಬ್ಯಾಗಿನ ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದಲ್ಲ, ನಾಲ್ಕು ಬೆರಳಿನ ಲೆಕ್ಕ ಬಂದದ್ದು ಅದಕ್ಕೇ.

ಬೆನ್ನು, ಹೊಲಿಗೆ, ರಿವೆಟ್

ಈಗ ಬ್ಯಾಗನ್ನು ತಿರುಗಿಸಿ. ಎಷ್ಟೋ ಬ್ಯಾಗುಗಳಲ್ಲಿ ಮುಂದೆ ಒಳ್ಳೆಯ ಚರ್ಮ, ಹಿಂದೆ ತೆಳು ರೆಕ್ಸಿನ್ ಇರುತ್ತದೆ. ಇಡೀ ಭಾರ ಹೊರುವುದು ಆ ಬೆನ್ನೇ. ಅಂಗೈಯಿಂದ ಒತ್ತಿ ನೋಡಿ. ಒಳಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಇದ್ದರೆ ಬಾಗಿ ವಾಪಸ್ ಬರುತ್ತದೆ. ಬರೀ ರಟ್ಟು ಹಾಕಿದ್ದರೆ ಒಂದು ಮಳೆಗಾಲದಲ್ಲೇ ಮೆತ್ತಗಾಗುತ್ತದೆ. ಬೋಲ್ಟು ಹಾಯುವ ಜಾಗದಲ್ಲಿ ಒಳಗಡೆ ಲೋಹದ ಪಟ್ಟಿಯೋ ಅಗಲವಾದ ವಾಷರೋ ಇರಬೇಕು. ಬರೀ ಚರ್ಮಕ್ಕೆ ತೂತು ಕೊರೆದು ಬೋಲ್ಟು ಹಾಕಿದ್ದರೆ ಆ ತೂತು ದಿನೇ ದಿನೇ ಹಿಗ್ಗುತ್ತದೆ.

ಹೊಲಿಗೆಯ ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ. ಬಿಸಿಲಿಗೆ ನೈಲಾನಿಗಿಂತ ಪಾಲಿಯೆಸ್ಟರ್ ಚೆನ್ನಾಗಿ ಬಾಳುತ್ತದೆ. ತೀರಾ ಒತ್ತೊತ್ತಾಗಿ ಹಾಕಿದ ಹೊಲಿಗೆ ನೋಡಿ ಗಟ್ಟಿಮುಟ್ಟು ಅಂದುಕೊಳ್ಳಬೇಡಿ. ಸೂಜಿ ತೂತುಗಳು ಒಂದರ ಪಕ್ಕ ಒಂದು ಬಂದರೆ ಚರ್ಮ ಅದೇ ಗೆರೆಯಲ್ಲಿ ಹರಿಯುತ್ತದೆ. ತಳದ ಮೂಲೆಗಳಲ್ಲಿ, ಪಟ್ಟಿ ಸೇರುವಲ್ಲಿ ಹೊಲಿಗೆಯ ಜೊತೆ ರಿವೆಟ್ (ಪದರಗಳನ್ನು ಸೇರಿಸಿ ಬಡಿದು ಕೂರಿಸುವ ಲೋಹದ ಮೊಳೆ) ಕೂಡ ಇರಬೇಕು. ರಿವೆಟ್ ಮೇಲೆ ಉಗುರು ಆಡಿಸಿ, ಅದು ತಿರುಗಬಾರದು, ಅಲುಗಬಾರದು. ಗಟ್ಟಿ ತಾಮ್ರದ್ದಾದರೆ ಒಳ್ಳೆಯದು, ಪೊಳ್ಳು ಕೊಳವೆಯಂಥದ್ದು ಬೇಗ ಬಿಟ್ಟುಕೊಳ್ಳುತ್ತದೆ. ಬಕಲ್ಲಿಗೆ ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಹಿತ್ತಾಳೆಯದಾದರೆ ಅಂಟುವುದಿಲ್ಲ. ಜೋರಾಗಿ ಅಂಟಿಕೊಂಡರೆ ಒಳಗಿರುವುದು ಬಹುಮಟ್ಟಿಗೆ ಮಾಮೂಲಿ ಉಕ್ಕು, ಮೇಲಿನ ಲೇಪ ಹೋದ ಮೇಲೆ ತುಕ್ಕು.

ಅಂಚಿಗೆ ಕುಚ್ಚು, ಮೈತುಂಬಾ ಗುಬುಟು ಇರುವ ಬ್ಯಾಗುಗಳೂ ಇವೆ. ನಿಮ್ಮಿಷ್ಟ. ನನ್ನ ಪ್ರಕಾರ ಆ ದುಡ್ಡನ್ನು ಬೆನ್ನಿನ ಹಾಳೆಗೆ ಕೊಟ್ಟರೆ ಬ್ಯಾಗು ನಾಲ್ಕು ದಿನ ಜಾಸ್ತಿ ಬಾಳುತ್ತದೆ.

ಬಕಲ್ ನೋಡಲು ಚೆಂದ, ಆದರೆ ಗ್ಲೌಸ್ ಹಾಕಿಕೊಂಡು ಬಿಚ್ಚುವುದು ಪೀಕಲಾಟ. ಬಕಲ್ಲಿನ ಹಿಂದೆ ಬಚ್ಚಿಟ್ಟ ಕ್ಲಿಪ್ ಇದ್ದರೆ ಸುಖ. ಬೀಗ ಇದೆ ಅಂತ ಬೆಲೆಬಾಳುವ ವಸ್ತು ಬಿಟ್ಟು ಹೋಗಬೇಡಿ, ಚರ್ಮಕ್ಕೆ ಚಾಕು ಸಾಕು. ಚರ್ಮದ ಬ್ಯಾಗು ಪೂರ್ತಿ ವಾಟರ್‌ಪ್ರೂಫ್ ಅಂದರೂ ನಂಬಬೇಡಿ, ಹೊಲಿಗೆಯ ತೂತಿನಿಂದ ನೀರು ಇಳಿಯುತ್ತದೆ. ಮುಚ್ಚಳ ಮೂರೂ ಬದಿ ಚೆನ್ನಾಗಿ ಇಳಿಬಿದ್ದಿರಲಿ, ಒಳಗೊಂದು ನೀರು ಹೋಗದ ಚೀಲ ಇಡಿ.

ಆನ್‌ಲೈನ್ ಆದರೆ

ಮುಟ್ಟಿ ನೋಡಲು ಆಗುವುದಿಲ್ಲವಲ್ಲ, ಸುಮ್ನೆ ಆರ್ಡರ್ ಮಾಡಬೇಡಿ. ಬೆನ್ನಿನ, ಒಳಭಾಗದ, ಪಟ್ಟಿ ತುದಿಯ ಫೋಟೊ ಕೇಳಿ. ಚರ್ಮದ ದಪ್ಪ ಮಿಲಿಮೀಟರ್‌ನಲ್ಲಿ, ಖಾಲಿ ಬ್ಯಾಗಿನ ತೂಕ ಕಿಲೋದಲ್ಲಿ ಬರೆದು ಕೊಡಲಿ. ತೂಕ ತೀರಾ ಕಡಿಮೆ ಇದ್ದರೆ ದಪ್ಪದ ಲೆಕ್ಕ ಸುಳ್ಳಿರಬಹುದು. ಬ್ರಾಕೆಟ್ ಬೆಲೆಯಲ್ಲಿ ಸೇರಿದೆಯಾ, ವಾಪಸ್ ಕಳಿಸುವ ಖರ್ಚು ಯಾರದು, ಒಂದೇ ಪಟ್ಟಿ ಹರಿದರೆ ಅದಷ್ಟೇ ಸಿಗುತ್ತದಾ ಅಂತಲೂ ಕೇಳಿ.

ಹಾಕಿದ ಮೇಲೆ

ಬ್ಯಾಗು ತಾಗುವ ಕಡೆಯಲ್ಲೆಲ್ಲ ಗಾಡಿಯ ಬಣ್ಣದ ಮೇಲೆ ಪಾರದರ್ಶಕ ಫಿಲ್ಮ್ ಅಂಟಿಸಿ. ನಡುವೆ ಸೇರುವ ಧೂಳು ಉಪ್ಪುಕಾಗದದಂತೆ ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಎರಡೂ ಬದಿಗೆ ಸಮ ಭಾರ ತುಂಬಿ, ಭಾರವಾದದ್ದು ತಳದಲ್ಲಿರಲಿ. ಮೊದಲ ಓಡಾಟ ಮುಗಿಸಿ ಬಂದ ಕೂಡಲೇ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಪಟ್ಟಿಗಳೂ ಹಿಗ್ಗಿರುತ್ತವೆ, ಒಂದು ತೂತು ಮುಂದಕ್ಕೆ ಎಳೆಯಿರಿ.

ನೆಂದ ಬ್ಯಾಗನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ. ಆಕಾರ ಕೆಡದ ಹಾಗೆ ಒಳಗೆ ಹಳೆ ಪೇಪರ್ ತುರುಕಿ. ಬಿಸಿಲಿಗೆ ಇಟ್ಟರೆ, ಹೇರ್ ಡ್ರೈಯರ್ ಹಿಡಿದರೆ ಚರ್ಮ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಲೆದರ್ ಕಂಡಿಷನರನ್ನು ತೆಳ್ಳಗೆ ಹಚ್ಚಿ. ಜಾಸ್ತಿ ಎಣ್ಣೆ ಕುಡಿಸಿದರೆ ಚರ್ಮ ಮೆತ್ತಗಾಗಿ ಬ್ಯಾಗು ಜೋತುಬೀಳುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಗಾಡಿಯಿಂದ ಬಿಚ್ಚಿ, ಬಟ್ಟೆಯ ಚೀಲದಲ್ಲಿ ಹಾಕಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.