ಫೆಡ್ ದುಡ್ಡು ಸುರಿದಾಗ ಷೇರುಪೇಟೆಯಲ್ಲಿ ಏನು ನೋಡಬೇಕು?

ಬಡ್ಡಿ ದರದ ಸುದ್ದಿಯೊಂದೇ ಸಾಲದು, ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ (ಫೆಡ್) ಬ್ಯಾಲೆನ್ಸ್ ಶೀಟನ್ನೂ, ಅಂದರೆ ಆಸ್ತಿ-ಸಾಲದ ಲೆಕ್ಕವನ್ನೂ ನೋಡಿ. ಫೆಡ್ ಬಾಂಡ್ (ಸಾಲಪತ್ರ) ಕೊಂಡಾಗ ಪೇಟೆಗೆ ದುಡ್ಡು ಬರುತ್ತದೆ, ಈ ಲೆಕ್ಕವೂ ಹಿಗ್ಗುತ್ತದೆ. ಪ್ರತಿ ಗುರುವಾರ ಫೆಡ್ ವೆಬ್‌ಸೈಟಿನಲ್ಲೇ ಸಿಗುತ್ತದೆ, ಪುಕ್ಕಟೆ. 2020ರ ಮಾರ್ಚ್ 23ರಂದು ಫೆಡ್ ಬೇಕಾದಷ್ಟು ಬಾಂಡ್ ಕೊಳ್ಳುತ್ತೇವೆ ಎಂದಿತು. ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್ ಆ್ಯಂಡ್ ಪಿ 500 ತಳ ಮುಟ್ಟಿದ್ದೂ ಅದೇ ದಿನ. ಫೆಡ್ ಹೀಗೆ ಕೊಂಡು ಬಾಂಡಿನಲ್ಲಿ ಏನೂ ಗಿಟ್ಟದಿದ್ದಾಗ ದೊಡ್ಡ ಫಂಡ್‌ಗಳು ಷೇರಿಗೆ ಬರುತ್ತವೆ, ಅಲ್ಲೂ ಬೆಲೆ ಜಾಸ್ತಿ ಅನ್ನಿಸಿದರೆ ಮುಂಬೈ, ಸೋಲ್ ಅಂತ ಹುಡುಕಿಕೊಂಡು ಹೊರಡುತ್ತವೆ, ಅಲ್ವಾ? ಹಾಗಾಗಿ ಡಾಲರ್ ಇಂಡೆಕ್ಸ್ (ಬೇರೆ ಕರೆನ್ಸಿಗಳ ಎದುರು ಡಾಲರ್ ಬಲ), ಎಫ್‌ಐಐ (ವಿದೇಶಿ ಹೂಡಿಕೆ ಸಂಸ್ಥೆಗಳು) ಅಂಕಿ ಎರಡನ್ನೂ ಜೊತೆಗಿಟ್ಟು ನೋಡಿ.

ಬಂದ ದುಡ್ಡು ವಾಪಸ್ಸೂ ಹೋಗುತ್ತದೆ. 2013ರ ಮೇ ತಿಂಗಳಲ್ಲಿ ಆಗಿನ ಫೆಡ್ ಮುಖ್ಯಸ್ಥ ಬೆನ್ ಬರ್ನಾಂಕೆ ಬಾಂಡ್ ಖರೀದಿ ಕಡಿಮೆ ಮಾಡಬಹುದು ಎಂದಷ್ಟೇ ಹೇಳಿದ್ದರು, ಇನ್ನೂ ಮಾಡಿರಲಿಲ್ಲ. ಅಷ್ಟಕ್ಕೇ ವಿದೇಶಿ ದುಡ್ಡು ಹೊರಟು, ಆಗಸ್ಟ್ ಕೊನೆಗೆ ಡಾಲರ್ 68 ರೂಪಾಯಿ ದಾಟಿತು. ಫೆಡ್ ಘೋಷಣೆಯ ದಿನ ಸುಮ್ನೆ ಓಡಿಹೋಗಿ ಕೊಳ್ಳಬೇಡಿ. ಎಷ್ಟೋ ಸಲ ಸುದ್ದಿ ಬರುವ ಮೊದಲೇ ಬೆಲೆ ಏರಿರುತ್ತದೆ.